ಕಡತದಲ್ಲಿದ್ದ ಮೊಣಕಾಲು

ಈ ಸಂಗತಿಯನ್ನು ನಾನು ಈವರೆಗೆ ಇಬ್ಬರಿಗೆ ಹೇಳಿದ್ದೇನೆ. ಎರಡು ಸಲವೂ ಒಂದೇ ಥರ ಹೇಳಲಿಲ್ಲ ಎಂಬುದು ಬರೆಯಲು ಕೂತಾಗ ಗೊತ್ತಾಯಿತು. ತಂಗಿಗೆ ಹೇಳಿದಾಗ ನಮ್ಮ ಸಾಹೇಬರು ಇದ್ದದ್ದಕ್ಕಿಂತ ಸ್ವಲ್ಪ ಕೆಟ್ಟವರಾಗಿದ್ದರು. ಹಳೆಯ ಗೆಳತಿಗೆ ಹೇಳಿದಾಗ ನಾನು ಇದ್ದದ್ದಕ್ಕಿಂತ ಸ್ವಲ್ಪ ಗಟ್ಟಿಗಿತ್ತಿಯಾಗಿದ್ದೆ. ಹಾಗಾಗಿ ಈ ಸಲ ಡೈರಿ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯಲ್ಲಿ ಇಲ್ಲದ್ದು ಬಂದಾಗ ಅದು ಬರೀ ನೆನಪು ಎಂದು ಹೇಳಿಬಿಡುತ್ತೇನೆ. ಕಾರ್ಖಾನೆಯ ಮಾತುಕತೆ ಬಹುಪಾಲು ಮರಾಠಿಯಲ್ಲಿ ನಡೆದದ್ದು. ಅದನ್ನು ಕನ್ನಡ ಮಾಡುವಾಗ ಒಂದಿಷ್ಟು ನನ್ನ ದನಿ ಸೇರಿಕೊಂಡಿರುತ್ತದೆ, ಅದಕ್ಕೆ ಉಪಾಯವಿಲ್ಲ.

ನಮ್ಮ ಕಾರ್ಖಾನೆ ಪುಣೆಯ ಹೊರವಲಯದಲ್ಲಿದೆ. ನಾನು ಅಲ್ಲಿ ಉತ್ಪಾದನಾ ವಿಭಾಗದ ವ್ಯವಸ್ಥಾಪಕಿ. ಲಾರಿಗಳ ಬ್ರೇಕಿನ ಕವಾಟದೊಳಗೆ ಹಿಂದೆ ಮುಂದೆ ಸರಿದಾಡುವ ಬೆರಳುದ್ದದ ಒಂದು ಉಕ್ಕಿನ ಕಡ್ಡಿ ಇರುತ್ತದೆ. ನಾವು ಅದನ್ನು ಸ್ಪೂಲ್ ಎನ್ನುತ್ತೇವೆ. ಒಂಬತ್ತು ಯಂತ್ರಗಳ ಒಂದು ಸಾಲು ಅದನ್ನು ಕಡೆದು, ಕಾಯಿಸಿ, ಉಜ್ಜಿ, ಅಳೆದು ಹೊರಗೆ ಕಳಿಸುತ್ತದೆ. ಹೋದ ವರ್ಷ ಸಂಕ್ರಾಂತಿ ಕಳೆದ ವಾರದಲ್ಲಿ ಈ ಇಡೀ ಸಾಲನ್ನು ಸ್ಲೊವಾಕಿಯಾದಲ್ಲಿರುವ ನಮ್ಮದೇ ಇನ್ನೊಂದು ಕಾರ್ಖಾನೆಗೆ ಸಾಗಿಸಬೇಕೆಂದು ತೀರ್ಮಾನವಾಯಿತು. ಸಾಗಿಸುವ ಕೆಲಸದ ಮುಂದಾಳು ನಾನು.

ಇಂಥ ಸಾಗಣೆಗೆ ಒಂದು ಕ್ರಮವಿದೆ. ಯಂತ್ರಗಳು ಹಡಗಿನಲ್ಲಿರುವಷ್ಟು ದಿನವೂ ಗಿರಾಕಿಗೆ ಮಾಲು ಹೋಗುತ್ತಲೇ ಇರಬೇಕು. ಹಾಗಾಗಿ ಮೊದಲು ಹತ್ತು ವಾರಕ್ಕೆ ಸಾಕಾಗುವಷ್ಟು ಸ್ಪೂಲು ಮಾಡಿ ಗೋದಾಮಿನಲ್ಲಿ ಇಡಬೇಕು. ಆಮೇಲೆ ಯಂತ್ರ ನಿಲ್ಲಿಸಿ, ಅದರ ಮಟ್ಟ, ಅಲುಗಾಟ, ಸವೆತ ಎಲ್ಲವನ್ನೂ ಅಳೆದು ಬರೆದಿಡಬೇಕು. ಪ್ರತಿ ತಂತಿಗೂ ಚೀಟಿ ಕಟ್ಟಬೇಕು. ಸಮುದ್ರದ ಗಾಳಿಗೆ ತುಕ್ಕು ಹಿಡಿಯದಂತೆ ಹಾಳೆಯಲ್ಲಿ ಸುತ್ತಿ, ಒಳಗಿನ ಗಾಳಿ ಹೀರಿ ತೆಗೆದು, ಮರದ ಪೆಟ್ಟಿಗೆಯೊಳಗೆ ಬಿಗಿದು ಕಳಿಸಬೇಕು. ಆ ತುದಿಯಲ್ಲಿ ಪೆಟ್ಟಿಗೆ ಬಿಚ್ಚಿ, ಕೂರಿಸಿ, ಮುನ್ನೂರು ಸ್ಪೂಲು ಮಾಡಿ ತೋರಿಸಿ, ಗಿರಾಕಿಯಿಂದ ಒಪ್ಪಿಗೆ ಪಡೆಯಬೇಕು.

ಆ ತುದಿಯಲ್ಲಿ ಬಿಚ್ಚುವವರು ಎರಡು ವರ್ಷ ಅಲ್ಲಿಯೇ ಉಳಿದು ಸಾಲಿನ ಮುಖ್ಯಸ್ಥರಾಗುತ್ತಾರೆ. ನಮ್ಮಲ್ಲಿ ಹೊರದೇಶದಲ್ಲಿ ಎರಡು ವರ್ಷ ದುಡಿಯದವರು ಕಾರ್ಖಾನೆಯ ಮುಖ್ಯಸ್ಥರಾದದ್ದಿಲ್ಲ. ಹಾಗಂತ ನಿಯಮವೇನೂ ಇಲ್ಲ. ಆದರೆ ಮೇಲಿನ ಮಹಡಿಯಲ್ಲಿ ಕೂರುವ ಒಬ್ಬೊಬ್ಬರ ಮೇಜಿನ ಮೇಲೂ ಯಾವುದೋ ಹಿಮದ ಊರಿನಲ್ಲಿ ತೆಗೆಸಿಕೊಂಡ ಫೋಟೊ ಇದೆ. ಅವರಲ್ಲಿ ಒಬ್ಬ ಹೆಂಗಸೂ ಇಲ್ಲ.

ನಾನು ಹೋಗುತ್ತೇನೆಂದೇ ಅಂದುಕೊಂಡಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ನನ್ನ ಈ ನಂಬಿಕೆಗೆ ಕಾರಣ ನಮ್ಮ ಫಿಟರ್ ಕಾಕಾ. ನಿವೃತ್ತಿಯಾದ ಮೇಲೂ ಸಾಹೇಬರು ಅವರನ್ನು ಬಿಟ್ಟಿರಲಿಲ್ಲ. ಆ ಒಂಬತ್ತು ಯಂತ್ರಗಳನ್ನು ಮೊದಲ ಸಲ ಕೂರಿಸಿದವರೇ ಅವರು. ಯಂತ್ರ ಸಾಗಿಸುವುದರ ಬಗ್ಗೆ ಅವರದು ಒಂದೇ ಕಟ್ಟುನಿಟ್ಟು: ಪೆಟ್ಟಿಗೆ ಕಟ್ಟಿದವರೇ ಬಿಚ್ಚಬೇಕು. "ಕಟ್ಟುವಾಗ ಕೈಗೆ ಏನೇನು ಗೊತ್ತಾಗಿರತದೋ ಅದೆಲ್ಲ ಕಾಗದದ ಮ್ಯಾಲೆ ಬರೂದಿಲ್ಲ, ತಾಯಿ" ಎಂದು ಅವರು ಹೇಳುತ್ತಿದ್ದುದು ಕನ್ನಡದಲ್ಲಿ. ಅಕ್ಕಲಕೋಟೆ ಕಡೆಯವರು ಅವರು. ಇಡೀ ಕಾರ್ಖಾನೆಯೊಂದಿಗೆ ಮರಾಠಿ, ನನ್ನೊಬ್ಬಳ ಜತೆ ಕನ್ನಡ.

ಫೆಬ್ರವರಿಯ ಒಂದು ಸೋಮವಾರದ ಸಭೆಯಲ್ಲಿ ಪರದೆಯ ಮೇಲೆ ಎರಡು ಹೆಸರು ಬಂದವು. ಪುಣೆಯಲ್ಲಿ ಬಿಚ್ಚಿ ಕಟ್ಟುವ ಜವಾಬ್ದಾರಿ ಎಂಬುದರ ಮುಂದೆ ನನ್ನ ಹೆಸರು. ಸ್ಲೊವಾಕಿಯಾದಲ್ಲಿ ಕೂರಿಸಿ ನಡೆಸುವ ಜವಾಬ್ದಾರಿ ಎಂಬುದರ ಮುಂದೆ ಗುಣಮಟ್ಟ ವಿಭಾಗದ ಸಹೋದ್ಯೋಗಿಯೊಬ್ಬನ ಹೆಸರು. ಅವನು ಮೈಸೂರಿನವನು, ನನಗಿಂತ ಎಂಟು ವರ್ಷ ಚಿಕ್ಕವನು, ಒಳ್ಳೆಯ ಹುಡುಗ. ಸ್ಪೂಲನ್ನು ಅಳೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಅದನ್ನು ಮಾಡುವ ಯಂತ್ರದ ಮುಂದೆ ಅವನು ಒಂದು ಪಾಳಿಯೂ ನಿಂತವನಲ್ಲ.

ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲಿದೆ: "ಹೆಸರು ನೋಡಿದೆ. ಚಹಾ ಕುಡಿಯಲಿಲ್ಲ." ಸಭೆಯಲ್ಲಿ ನಾನು ಎದ್ದು ಕೇಳಿದೆ ಎಂದು ಗೆಳತಿಗೆ ಹೇಳಿದ್ದೆ. ಕೇಳಿರಲಿಕ್ಕಿಲ್ಲ. ಕೇಳಿದ್ದರೆ ಬರೆದಿರುತ್ತಿದ್ದೆ.

ಕೇಳಿದ್ದು ಮರುದಿನ, ಸಾಹೇಬರ ಕೋಣೆಗೆ ಹೋಗಿ. ನಮ್ಮ ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಹನ್ನೆರಡು ವರ್ಷಗಳಿಂದ ನನಗೆ ಕೆಲಸ ಕಲಿಸಿದವರು ಅವರೇ. ಮಗಳು ಹುಟ್ಟಿ ನಾನು ವಾಪಸ್ ಬಂದಾಗ, ನನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸಲು ಮೇಲಿನವರು ನೋಡಿದಾಗ, ಜಗಳವಾಡಿ ಉಳಿಸಿಕೊಟ್ಟವರು. ಅವರ ಮೇಲೆ ಸಿಟ್ಟು ಮಾಡುವುದು ನನಗೆ ಸುಲಭವಲ್ಲ. ಆವತ್ತು ಮಾತ್ರ ಸುಲಭವಾಗಿತ್ತು.

"ನೀವು ಹೋಗೋಕಾಗಲ್ಲ ಅಲ್ಲವೇ" ಎಂದರು ಅವರು, ನಾನು ಮರೆತದ್ದನ್ನು ನೆನಪಿಸುವ ಹಾಗೆ.

"ಯಾಕೆ ಸರ್?"

"ನಿಮ್ಮ ಅತ್ತೆಯವರು?"

"ಅವರಿಗೇನಾಗಿದೆ?"

ಸಾಹೇಬರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ವರ್ಷಕ್ಕೊಮ್ಮೆ ಪ್ರತಿಯೊಬ್ಬ ಮೇಲಧಿಕಾರಿಯೂ ತನ್ನ ಕೈಕೆಳಗಿನವರ ಬಗ್ಗೆ ಒಂದು ತಖ್ತೆ ತುಂಬಬೇಕು. ಯಾರು ಏನು ಬಲ್ಲರು, ಯಾರು ಮುಂದೆ ಏನಾಗಬಹುದು ಎಂದು. ಅದರಲ್ಲಿ ಒಂದು ಅಂಕಣ: ಹೊರದೇಶಕ್ಕೆ ಹೋಗಬಲ್ಲರೇ? ನನ್ನ ಹೆಸರಿನ ಮುಂದೆ ಹೀಗಿತ್ತು: "ಇಲ್ಲ. ಅತ್ತೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆ."

ಅತ್ತೆಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ ನಾಲ್ಕು ವರ್ಷವಾಗಿತ್ತು. ಪ್ರತಿ ವರ್ಷ ಹಿಂದಿನ ವರ್ಷದ ತಖ್ತೆಯನ್ನೇ ತೆಗೆದು, ಮೇಲೆ ಇಸವಿ ಬದಲಿಸಿ, ಬೇಕಾದಲ್ಲಿ ಅಷ್ಟಿಷ್ಟು ತಿದ್ದಿ ಕಳಿಸುವುದು ನಮ್ಮಲ್ಲಿ ರೂಢಿ. ಆ ಮೊಣಕಾಲು ಮೂರು ಸಲ ಹಾಗೇ ಮುಂದೆ ಬಂದಿತ್ತು.

"ನನ್ನನ್ನು ಕೇಳಬೇಕಿತ್ತು ಸರ್."

"ನಿಮಗೆ ತೊಂದರೆ ಕೊಡಬಾರದು ಅಂತ. ಕೇಳಿದರೆ ನೀವು ಇಲ್ಲ ಅನ್ನೋಕೆ ಸಂಕೋಚಪಡ್ತೀರಿ. ಅಲ್ಲಿ ಚಳಿ, ಒಬ್ಬರೇ ಇರಬೇಕು, ಊಟ ಸರಿಹೋಗಲ್ಲ." ಅವರ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಅದೇ ನನಗೆ ತಡೆಯಲಾಗಲಿಲ್ಲ. "ಪಟ್ಟಿ ಮೇಲೆ ಹೋಗಿದೆ. ಈಗ ಬದಲಿಸಬೇಕಾದರೆ ಈ ತಿಂಗಳ ಕೊನೆಯೊಳಗೆ ಕಾರಣ ಕೊಟ್ಟು ಬರೆಯಬೇಕು" ಎಂದರು.

ಸಂಜೆ ಧನಕವಡಿಯ ಮನೆಗೆ ಬಂದು ಗಂಡನಿಗೆ ಹೇಳುತ್ತಿದ್ದೆ. ಅವರು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾರೆ, ಸಮಾಧಾನದ ಮನುಷ್ಯ. ಒಳಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದರು. ವಿಜಯಪುರ ಬಿಟ್ಟು ನಲವತ್ತು ವರ್ಷವಾದರೂ ಅವರ ಮಾತಿಗೆ ಪುಣೆಯ ಗಾಳಿ ತಾಗಿಲ್ಲ.

"ಯಾರ ಮೊಣಕಾಲು?"

"ನಿಮ್ಮದ ರೀ ಅತ್ತ್ಯಾರ."

"ನನ್ನ ಮೊಣಕಾಲು ನಿಮ್ಮ ಕಂಪನಿ ಕಾಗದದಾಗ ಯಾಕ ಬಂತು? ನಾ ಏನು ಅಲ್ಲಿ ಕೆಲಸಕ್ಕ ಹೋಗತೀನೇನು?"

"ಅವ್ವಾ, ಕೂಡು ಸ್ವಲ್ಪ" ಎಂದರು ಗಂಡ.

"ಕೂಡೂದಿಲ್ಲ. ಕೂತ್ರ ಅದನೂ ಬರಕೊಂಡಾರು. ಆ ನಿಮ್ಮ ಸಾಹೇಬ ನನ್ನ ನೋಡ್ಯಾನೇನು? ಒಂದರೆ ಸಲ ಮನಿಗೆ ಬಂದಾನೇನು?"

"ಬಂದಿದ್ರು ರೀ, ಗಣಪತಿ ಹಬ್ಬಕ್ಕ. ನೀವ ಕರಿಗಡಬು ಕೊಟ್ಟಿದ್ರಿ."

"ಆವಾಗ ನಾ ನಿಂತ ಕೊಟ್ಟಿದ್ನೋ, ಕೂತ ಕೊಟ್ಟಿದ್ನೋ?"

ಆ ಭಾನುವಾರ ಜೇಜುರಿಗೆ ಹೋಗುವುದೆಂದು ಅತ್ತೆಯೇ ತೀರ್ಮಾನಿಸಿದರು. ಅಲ್ಲಿಯ ಗುಡ್ಡದ ಮೇಲಿನ ಖಂಡೋಬ ನಮ್ಮ ಮನೆದೇವರು. ಮೊಣಕಾಲು ಕೈಕೊಟ್ಟಾಗಿನಿಂದ ಅತ್ತೆ ಅಲ್ಲಿ ಕೆಳಗಿನ ಮೆಟ್ಟಿಲಿಗೇ ಕಾಯಿ ಒಡೆಸಿ, ಭಂಡಾರದ ಅರಿಶಿನ ಹಚ್ಚಿ, ನಮ್ಮನ್ನು ಮೇಲೆ ಕಳಿಸಿ, ನೆರಳಲ್ಲಿ ಕೂತಿರುತ್ತಿದ್ದರು. ಈ ಸಲ ಸ್ವಾರಗೇಟಿನಲ್ಲಿ ಬಸ್ಸು ಹತ್ತುವಾಗಲೇ ನೆರವಿಗೆ ಚಾಚಿದ ಮಗನ ಕೈಗೆ ಒಂದು ಏಟು ಕೊಟ್ಟರು. ಜೇಜುರಿಯಲ್ಲಿ ಪ್ರತಿ ದೀಪಮಾಲೆಯ ಕಲ್ಲುಗಂಬದ ಹತ್ತಿರ ನಿಂತು, ಅದನ್ನು ಕಟ್ಟಿಸಿದವರ ಹೆಸರು ಓದುವ ನೆಪದಲ್ಲಿ ಉಸಿರು ತಗೊಂಡು, ಮತ್ತೆ ಹತ್ತಿ, ಎರಡು ತಾಸಿಗೆ ಮೇಲೆ ಮುಟ್ಟಿದರು. ಹಣೆ, ಕೆನ್ನೆ, ಸೀರೆ, ಕನ್ನಡಕ ಎಲ್ಲ ಅರಿಶಿನ. ಮಗಳು ಫೋಟೊ ತೆಗೆದಳು.

"ಕಾಲು ಕಾಣಸ್ತಾವೇನು?" ಎಂದು ಅತ್ತೆ ವಿಚಾರಿಸಿದರು. "ಕಾಣಸ್ತಾವ? ಹಂಗಾದ್ರ ಕಳಸು ನಿಮ್ಮ ಸಾಹೇಬಗ."

ನಾನು ಕಳಿಸಲಿಲ್ಲ. ಮಗಳು ಅದನ್ನು ನೆಂಟರೆಲ್ಲ ಇರುವ ಗುಂಪಿಗೆ ಹಾಕಿದಳು. ಅದರ ಪರಿಣಾಮ ಮುಂದೆ ಬರುತ್ತದೆ.

ಅದೇ ದಿನ ಮಧ್ಯಾಹ್ನ ಮನೆಗೆ ಬಂದವಳೇ ದೂರು ಬರೆಯಲು ಕೂತೆ. ಸಾಹೇಬರ ಮೇಲಿನವರಿಗೆ. ನನ್ನನ್ನು ಒಂದು ಮಾತೂ ಕೇಳದೆ ನಾಲ್ಕು ವರ್ಷ 'ಇಲ್ಲ' ಎಂದು ಬರೆಯಲಾಗಿದೆ ಎಂದು ಒಂದು ಪುಟ ಬರೆದೆ. ಅತ್ತೆಯ ಶಸ್ತ್ರಚಿಕಿತ್ಸೆಯ ತಾರೀಖು ಬೇಕಾಗಿ ಹಳೆಯ ಡೈರಿ ತೆಗೆದೆ. ತಾರೀಖು ಸಿಕ್ಕಿತು. ಅದರ ಹಿಂದಿನ ವಾರದ ಪುಟದಲ್ಲಿ, ನನ್ನದೇ ಕೈಬರಹದಲ್ಲಿ, ಇದೂ ಸಿಕ್ಕಿತು:

"ಸಾಹೇಬರು ಕರೆದು ಸ್ಲೊವಾಕಿಯಾದಲ್ಲಿ ಮೂರು ತಿಂಗಳ ಕೆಲಸವಿದೆ, ಹೋಗುತ್ತೀರಾ ಎಂದರು. ಅತ್ತೆಯ ಮೊಣಕಾಲು ಎಂದೆ. ಅವರು ಅಯ್ಯೋ ಹೌದಲ್ಲ ಎಂದು ಬಿಟ್ಟುಬಿಟ್ಟರು. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಹೋಗು ಅನ್ನುತ್ತಾರೆ. ಅಲ್ಲಿ ಹೋಗಿ ನನ್ನಿಂದ ಆಗದಿದ್ದರೆ?"

ಈ ಪುಟ ನನಗೆ ಸ್ವಲ್ಪವೂ ನೆನಪಿರಲಿಲ್ಲ. ಆ ವಾರದ ಆಸ್ಪತ್ರೆಯ ಓಡಾಟ ನೆನಪಿತ್ತು, ಅತ್ತೆ ಅರಿವಳಿಕೆ ಇಳಿಯುವಾಗ ನರ್ಸಿಗೆ ಬೈದದ್ದು ನೆನಪಿತ್ತು. ಸಾಹೇಬರು ಕೇಳಿದ್ದು, ನಾನು ಮೊಣಕಾಲನ್ನು ಮುಂದೆ ಹಿಡಿದದ್ದು ಮಾತ್ರ ಎಲ್ಲೋ ಜಾರಿಹೋಗಿತ್ತು. ಓದಿದ ಮೇಲೂ ನೆನಪಾಗಲಿಲ್ಲ. ಬೇರೆ ಯಾರೋ ನನ್ನ ಅಕ್ಷರದಲ್ಲಿ ಬರೆದ ಹಾಗಿತ್ತು. ಶಸ್ತ್ರಚಿಕಿತ್ಸೆ ಅನ್ನುವುದೇನೋ ನಿಜವೇ. ಆದರೆ ನೋಡಿಕೊಳ್ಳಲು ಗಂಡ ರಜೆ ಹಾಕಿದ್ದರು, ನಾದಿನಿ ಬಂದಿದ್ದಳು. ನಾನು ಹೋಗಬಹುದಿತ್ತು. ಹೆದರಿದ್ದೆ.

ದೂರಿನ ಪುಟವನ್ನು ಹರಿಯಲಿಲ್ಲ. ಡೈರಿಯೊಳಗೆ ಮಡಿಸಿಟ್ಟೆ. ಬರೆದದ್ದರಲ್ಲಿ ಎಷ್ಟು ಪಾಲು ನಿಜ ಎಂಬುದನ್ನು ಮೊದಲು ನನಗೆ ನಾನೇ ಅಳೆದು ಹೇಳಿಕೊಳ್ಳಬೇಕಿತ್ತು. ತಿಂಗಳ ಕೊನೆಗೆ ಒಂಬತ್ತು ದಿನ ಉಳಿದಿತ್ತು.

ಆ ಒಂಬತ್ತು ದಿನದಲ್ಲಿ ಐದು ದಿನ ಏಳನೇ ಯಂತ್ರ ತಿಂದುಹಾಕಿತು. ಸ್ಪೂಲನ್ನು ಕೊನೆಯ ಅಳತೆಗೆ ಉಜ್ಜುವ ಯಂತ್ರ ಅದು. ಕೂದಲೆಳೆಯನ್ನು ಹಲವು ಪಾಲು ಮಾಡಿದರೆ ಒಂದು ಪಾಲಿನಷ್ಟು ದಪ್ಪ ಆಚೀಚೆಯಾದರೂ ಕಡ್ಡಿ ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಮಂಗಳವಾರ ಬೆಳಗಿನ ಪಾಳಿಯಿಂದ ಅಳತೆ ತಪ್ಪತೊಡಗಿತು. ಒಂದು ಕಡ್ಡಿ ದಪ್ಪ, ಮುಂದಿನದು ತೆಳು. ನಾವು ಉಜ್ಜುವ ಕಲ್ಲು ಬದಲಿಸಿದೆವು. ತಂಪುನೀರು ಬದಲಿಸಿದೆವು. ಅಳೆಯುವ ಉಪಕರಣವೇ ತಪ್ಪಿರಬಹುದೆಂದು ಮೈಸೂರಿನ ಸಹೋದ್ಯೋಗಿ ಬೇರೆಯದನ್ನು ತಂದು ಅಳೆದ. ಅಳತೆ ಸರಿಯಾಗಿಯೇ ಇತ್ತು, ಕಡ್ಡಿಯೇ ತಪ್ಪು. ಗೋದಾಮಿಗೆ ಹೋಗಬೇಕಾದ ಮಾಲು ಕೆಟ್ಟ ಮಾಲಿನ ಕೆಂಪು ಡಬ್ಬಿಗೆ ಬೀಳತೊಡಗಿತು. ಹಡಗಿನಲ್ಲಿ ಹಿಡಿದಿಟ್ಟಿದ್ದ ಜಾಗ ತಪ್ಪಿಹೋಗುವುದೇನೋ ಎಂದು ದಿನಕ್ಕೆರಡು ಸಲ ಫೋನು.

ಫಿಟರ್ ಕಾಕಾ ನಾಲ್ಕು ದಿನ ಮೊಮ್ಮಗಳ ಮೊದಲ ಕೂದಲು ತೆಗೆಸುವ ಜಾವಳಕ್ಕೆಂದು ಊರಿಗೆ ಹೋಗಿದ್ದರು. ಶನಿವಾರ ಬೆಳಿಗ್ಗೆ ಬಂದವರು ಚೀಲ ಇಳಿಸದೆ ಏಳನೇ ಯಂತ್ರದ ಹಿಂದೆ ಹೋಗಿ ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟು ನೋಡಿದರು.

"ನನ್ನ ಹಿತ್ತಾಳಿ ಎಲ್ಲಿ ಹೋತು?"

ಯಂತ್ರದ ಹಿಂದಿನ ಎಡಗಾಲಿನ ಕೆಳಗೆ ಒಂದು ತೆಳು ಹಿತ್ತಾಳೆಯ ತುಂಡು ಇರುತ್ತಿತ್ತಂತೆ. ಮಟ್ಟ ನೋಡುವ ಉಪಕರಣ ಇಟ್ಟರೆ ಆ ತುಂಡಿಲ್ಲದೆಯೇ ಯಂತ್ರ ಸರಿಯಾಗಿ ನಿಂತಿದೆ ಎನ್ನುತ್ತದೆ. ಆದರೆ ಆ ಕಾಲಿನ ಹತ್ತಿರ ಯಂತ್ರದ ಅಡಿಪೀಠವೇ ಎಂದೋ ಸ್ವಲ್ಪ ಸೊಟ್ಟಗಾಗಿದೆ, ಯಂತ್ರ ಬಿಸಿಯಾದಾಗ ಮಾತ್ರ ಅದು ಹೊರಬೀಳುತ್ತದೆ. ವರ್ಷಗಳ ಹಿಂದೆ ಕಾಕಾ ಅದನ್ನು ಕಂಡುಹಿಡಿದು ತುಂಡು ಕೂರಿಸಿದ್ದರು. ಎಲ್ಲಿಯೂ ಬರೆದಿರಲಿಲ್ಲ. ಸಾಗಣೆಗೆ ಮುಂಚೆ ನೆಲ ತೊಳೆಯಲು ಬಂದವರು ಕಸವೆಂದು ತೆಗೆದುಬಿಟ್ಟಿದ್ದರು. ಕೆಂಪು ಡಬ್ಬಿಯ ಪಕ್ಕದ ಕಸದ ಬುಟ್ಟಿಯಲ್ಲಿ ಅದು ಸಿಕ್ಕಿತು. ಕೂರಿಸಿ, ನಲವತ್ತು ನಿಮಿಷ ಯಂತ್ರ ಬಿಸಿಯಾಗಲು ಬಿಟ್ಟು, ಮೊದಲ ಕಡ್ಡಿ ತೆಗೆದರೆ ಅಳತೆ ಕರಾರುವಾಕ್ಕು.

ಮೈಸೂರಿನ ಹುಡುಗ ಆ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ ನನ್ನ ಪಕ್ಕ ಬಂದು ನಿಂತ. "ಮೇಡಂ, ಒಂದ್ ಮಾತು ಹೇಳ್ಲಾ? ಅಲ್ಲಿ ಹೋಗಿ ಪೆಟ್ಟಿಗೆ ಓಪನ್ ಮಾಡಿದ್ರೆ ಫಸ್ಟ್ ಈ ಹಿತ್ತಾಳೆ ತುಂಡನ್ನೇ ನಾನು ಬಿಸಾಕ್ತಿದ್ದೆ."

"ನಾನೂ ಬಿಸಾಕುತ್ತಿದ್ದೆ, ಇವತ್ತಿನವರೆಗೆ."

"ಅದಲ್ಲ. ನಂಗೆ ಹೋಗೋಕೇ ಇಷ್ಟ ಇಲ್ಲ. ಮನೇಲಿ ಅವಳಿಜವಳಿ, ಇನ್ನೂ ವರ್ಷ ತುಂಬಿಲ್ಲ. ಹೆಂಡ್ತಿ ನಿದ್ದೆಗೆಟ್ಟು ಗೋಡೆ ಜೊತೆ ಮಾತಾಡ್ತಾಳೆ. ಸ್ಲೈಡಲ್ಲಿ ನನ್ ಹೆಸರು ನೋಡಿ ನಂಗೇ ಶಾಕ್. ಯಾರೂ ಕೇಳ್ಲೇ ಇಲ್ಲ."

"ಹೇಳಬಹುದಿತ್ತಲ್ಲ?"

"ಏನಂತ ಹೇಳ್ಲಿ? ಗಂಡಸಾಗಿ ಮಕ್ಕಳ ಕಾರಣ ಹೇಳಿದ್ರೆ ನಗ್ತಾರೆ. ನೀವಾದ್ರೆ ಹೇಳಬಹುದು."

ಅವನು ಕುಹಕಕ್ಕೆ ಹೇಳಿದ್ದಲ್ಲ. ನಾನು ಹೇಳಿದ್ದೆ, ಅದು ನಾಲ್ಕು ವರ್ಷ ಬಾಳಿಕೆ ಬಂದಿತ್ತು. ಅವನು ಹೇಳಲಾರದೆ ಹೋಗಿದ್ದ, ಅವನ ಅಂಕಣದಲ್ಲಿ ಯಾರೋ 'ಹೌದು' ಎಂದು ತುಂಬಿದ್ದರು. ಈ ಸಲ ಇಬ್ಬರನ್ನೂ ಯಾರೂ ಕೇಳಿರಲಿಲ್ಲ. ಆದರೆ ಅವನ ತಪ್ಪು ಅವನನ್ನು ಮೇಲಿನ ಮಹಡಿಗೆ ಒಯ್ಯುತ್ತಿತ್ತು, ನನ್ನದು ಇಲ್ಲಿಯೇ ಇರಿಸುತ್ತಿತ್ತು. ಅಷ್ಟು ವ್ಯತ್ಯಾಸ.

ಸೋಮವಾರ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋದೆ. ದೂರಿನ ಪುಟ ಒಯ್ಯಲಿಲ್ಲ. ನಾಲ್ಕು ವರ್ಷದ ಹಿಂದಿನ ಡೈರಿ ಒಯ್ದೆ. ಆ ಸಾಲುಗಳನ್ನು ಮರಾಠಿ ಮಾಡಿ ಓದಿ ಹೇಳಿದೆ. 'ನನ್ನಿಂದ ಆಗದಿದ್ದರೆ' ಎಂಬುದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಇನ್ನೊಂದು ನಾಲ್ಕು ವರ್ಷ ಮರೆತುಹೋಗುತ್ತಿತ್ತು.

ಆಮೇಲೆ ಆಡಿದ ಮಾತನ್ನು ಅದೇ ದಿನ ಬರೆದಿಟ್ಟಿದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳಬಲ್ಲೆ: "ಮೊದಲ ವರ್ಷದ 'ಇಲ್ಲ' ನನ್ನದು ಸರ್. ಅದಕ್ಕೆ ನಾನು ತಪ್ಪೊಪ್ಪಿಕೊಳ್ಳುತ್ತೇನೆ. ಆಮೇಲಿನ ಮೂರು ನಿಮ್ಮವು."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು ಎಂದು ನೆನಪು, ಡೈರಿಯಲ್ಲಿಲ್ಲ. "ನನ್ನ ಮಗಳಾಗಿದ್ದರೂ ಹೀಗೇ ಮಾಡುತ್ತಿದ್ದೆ" ಎಂದರು.

"ಗೊತ್ತು ಸರ್. ಮಗಳಾಗಿದ್ದರೆ ಮನೆಗೆ ಬಂದು ಜಗಳವಾಡುತ್ತಿದ್ದೆ. ಇಲ್ಲಿ ಅರ್ಜಿ ಕೊಡಬೇಕು."

ಅವರಿಗೆ ನಗು ಬಂತು. ಆಮೇಲೆ ಅವರು ಕೇಳಿದ್ದು ಒಂದೇ, ನನಗೆ ಬೇಕಾಗಿದ್ದೂ ಅದೊಂದೇ: "ಈಗ ಹೋಗುತ್ತೀರಾ?"

"ಹೋಗುತ್ತೇನೆ."

"ಹೆದರಿಕೆ?"

"ಇದೆ."

ಬದಲಾವಣೆಗೆ ಕಾರಣ ಎಂಬ ಜಾಗದಲ್ಲಿ ಅವರು ಏಳನೇ ಯಂತ್ರದ ಹಿತ್ತಾಳೆ ತುಂಡಿನ ಕಥೆಯನ್ನು ಪೂರ್ತಿ ಬರೆದು, ಕಟ್ಟಿದವರೇ ಬಿಚ್ಚುವುದು ಕ್ಷೇಮ ಎಂದು ಮುಗಿಸಿದರು. ಹುಡುಗನ ಅವಳಿಜವಳಿ ಕಾಗದಕ್ಕೆ ಬರಬಾರದೆಂದು ನಾನು ಕೇಳಿಕೊಂಡೆ. ಬಂದರೆ ಅದೂ ವರ್ಷ ವರ್ಷ ಮುಂದೆ ಬರುತ್ತದೆ, ಆ ಕೂಸುಗಳಿಗೆ ಮೀಸೆ ಬರುವವರೆಗೆ.

ಅಷ್ಟಕ್ಕೇ ಎಲ್ಲ ಸಲೀಸಾಯಿತು ಎಂದಲ್ಲ. ನೌಕರರ ವಿಭಾಗದಿಂದ ಒಬ್ಬರು ಫೋನು ಮಾಡಿ, ಯಜಮಾನರಿಂದ ಒಪ್ಪಿಗೆಯ ಎರಡು ಸಾಲು ಬಂದರೆ ಅನುಕೂಲ ಎಂದರು. ನಿಯಮವಿದೆಯೇ ಎಂದೆ. ಇಲ್ಲ, ಸುಮ್ಮನೆ, ನಿಮ್ಮ ಒಳ್ಳೆಯದಕ್ಕೇ ಎಂದರು. ಈ ಹಿಂದೆ ಹೋದ ಗಂಡಸರ ಹೆಂಡತಿಯರು ಬರೆದ ಸಾಲುಗಳಿದ್ದರೆ ಒಂದು ಮಾದರಿ ಕಳಿಸಿ, ಅದರಂತೆ ಬರೆಸುತ್ತೇನೆ ಎಂದೆ. ಅವರು ಆಮೇಲೆ ಮಾಡುತ್ತೇನೆಂದು ಫೋನು ಇಟ್ಟರು, ಮಾಡಲಿಲ್ಲ. ಮನೆಯಲ್ಲಿ ಗಂಡ, "ಬರದ ಕೊಡ್ಲೇನು? ನನ್ನ ಅಕ್ಷರ ಚೊಲೊ ಅದ" ಎಂದರು. ಬೇಡವೆಂದೆ. ಹೋಗುವವರು ತುಂಬುವ ಅರ್ಜಿಯಲ್ಲಿ 'ಹೆಂಡತಿಯ ಹೆಸರು' ಎಂದೂ, 'ಹೆಂಡತಿಗೆ ಭಾಷೆಯ ತರಗತಿ ಬೇಕೇ' ಎಂದೂ ಅಚ್ಚಾಗಿತ್ತು. ಅದನ್ನು ಮಾತ್ರ ಗಂಡನಿಗೇ ಕೊಟ್ಟೆ. ಅವರು ತಮ್ಮ ಹೆಸರು ಬರೆದು, ಭಾಷೆಯ ತರಗತಿ ಬೇಕು ಎಂದು ಗುರುತು ಹಾಕಿ, ಪುಟ್ಟದಾಗಿ ಕೆಳಗೆ ಗೀಟೆಳೆದರು. ಮೊದಲ ಆರು ತಿಂಗಳು ನಾನೊಬ್ಬಳೇ, ಮಗಳ ಪರೀಕ್ಷೆ ಮುಗಿದ ಮೇಲೆ ಅವರಿಬ್ಬರೂ ಬಂದು ನೋಡುವುದು, ಆಮೇಲಿನದು ಆಮೇಲೆ ಎಂದು ಮಾತಾಯಿತು. ಮಗಳು ಎರಡು ದಿನ ನನ್ನ ಜತೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ಅಲ್ಲಿ ಹಿಮ ಯಾವ ತಿಂಗಳಲ್ಲಿ ಬೀಳುತ್ತದೆ ಎಂದು ಕೇಳಿದಳು.

ಏಪ್ರಿಲ್ ಕೊನೆಗೆ ಪೆಟ್ಟಿಗೆ ಕಟ್ಟುವ ಕೆಲಸ ಮುಗಿಯಿತು. ಹಿತ್ತಾಳೆಯ ತುಂಡನ್ನು ಕಾಕಾ ಒಂದು ಬಟ್ಟೆಯ ಚೀಲದಲ್ಲಿ ಹಾಕಿ, ಯಂತ್ರದ ಎಡಗಾಲಿಗೇ ತಂತಿಯಿಂದ ಬಿಗಿದರು. ನಾನು ಅದರ ದಪ್ಪ, ಜಾಗ, ಕಾರಣ ಮೂರನ್ನೂ ಪುಸ್ತಕದಲ್ಲಿ ಬರೆದೆ. ಪೆಟ್ಟಿಗೆಯ ಮೇಲೆ ಬಿಚ್ಚುವವರ ಹೆಸರು ಬರೆಯುವ ಜಾಗವಿರುತ್ತದೆ. ಕಾಕಾ ಬಣ್ಣದ ಕುಂಚ ನನ್ನ ಕೈಗೆ ಕೊಟ್ಟು, "ದೊಡ್ಡದಾಗಿ ಬರಿ ತಾಯಿ, ಸಮುದ್ರದಾಗ ಅಳಿಸಬಾರದು" ಎಂದರು.

ಹೊರಡುವ ಮುಂಚೆ ಇನ್ನೊಂದು ಕೆಲಸ ಬಾಕಿ ಇತ್ತು. ಆ ವರ್ಷದ ತಖ್ತೆ. ನನ್ನ ಕೈಕೆಳಗಿನ ಆರು ಜನರದ್ದು ನಾನು ತುಂಬಬೇಕು. ಹಿಂದಿನ ವರ್ಷದ್ದನ್ನು ತೆಗೆದೆ. ಒಬ್ಬ ಹುಡುಗಿಯ ಹೆಸರಿನ ಮುಂದೆ ಹೊರದೇಶದ ಅಂಕಣದಲ್ಲಿ "ಸದ್ಯ ಬೇಡ, ಹೊಸದಾಗಿ ಮದುವೆ" ಎಂದಿತ್ತು. ಬರೆದವಳು ನಾನು. ಅವಳನ್ನು ಕೇಳಿ ಬರೆದದ್ದೋ ಕೇಳದೆಯೋ ಎಂದು ಡೈರಿ ಹುಡುಕಿದೆ, ಸಿಗಲಿಲ್ಲ. ಕೇಳದೆಯೇ ಇರಬೇಕು. ಇಂಥದ್ದನ್ನು ಯಾರು ಬರೆದಿಡುತ್ತಾರೆ? ಆರೂ ಜನರನ್ನು ಒಬ್ಬೊಬ್ಬರಾಗಿ ಕರೆದು, ಅಂಕಣ ಖಾಲಿ ಮಾಡಿ, ಮತ್ತೆ ಕೇಳಿ ತುಂಬಿದೆ. ಆ ಹುಡುಗಿ, "ಮದುವೆ ಹೊಸದಾಗಿ ಎಷ್ಟು ದಿನ ಇರತದ ಮೇಡಂ?" ಎಂದು ಕೇಳಿದಳು.

ಅತ್ತೆಗೆ ನಾನು ಡೈರಿಯ ವಿಷಯ ಹೇಳಿರಲಿಲ್ಲ. ಅವರು ಜೇಜುರಿ ಹತ್ತಿದ್ದು ಸಾಹೇಬರ ಮೇಲಿನ ಸಿಟ್ಟಿಗೆ. ಆ ಸಿಟ್ಟು ಸೇರಬೇಕಾದ ಜಾಗ ಬೇರೆ ಎಂಬುದು ನನ್ನೊಳಗೆ ಚುಚ್ಚುತ್ತಲೇ ಇತ್ತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವರು ನನ್ನ ಪೆಟ್ಟಿಗೆಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು ಆ ಪುಟ ಓದಿದೆ. ಇನ್ನೊಂದು ಸಲ ಓದು ಎಂದರು. ಓದಿದೆ.

"ಅಂದ್ರ ನನ್ನ ಮೊಣಕಾಲು ಕಾಗದಕ್ಕ ಹಾಕಿದಾಕಿ ನೀನ."

"ಹೌದ್ರಿ. ತಪ್ಪಾತು. ನಿಮ್ಮ ಹೆಸರು ಹೇಳಿ ತಪ್ಪಿಸಿಕೊಂಡೆ."

ಅತ್ತೆ ಹಿಂಡಿಯ ಡಬ್ಬಿಗೆ ಮುಚ್ಚಳ ಒತ್ತಿದರು. ಕೂತುಕೊಳ್ಳಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಬೈದರೆ ಒಳ್ಳೆಯದು ಎಂದೂ ಅನಿಸಿತು.

"ನಾಕು ವರ್ಷದಾಗ ನಾ ಎಷ್ಟು ಲಗ್ನಕ್ಕ ಹೋಗಿಲ್ಲ, ಗೊತ್ತದ ಏನು ನಿನಗ?" ಎಂದರು. "ಎಷ್ಟು ಕುಬಸ, ಎಷ್ಟು ತೊಟ್ಟಲಾ, ಎಷ್ಟು ವಾಸ್ತುಶಾಂತಿ? ಮೊಣಕಾಲು ಅಂದ್ರ ಮುಗೀತು. ಮುಂದ ಯಾರೂ ಕೇಳೂದಿಲ್ಲ. ಪಾಪ ಅಂತಾರ, ಮತ್ತ ಮ್ಯಾಲೆ ಮನಿಗೆ ಬುಂದೆ ಲಾಡು ಕಳಸ್ತಾರ. ಆ ನೆಪ ಏನು ಬರೇ ನೀ ಒಬ್ಬಾಕೀನ ವಾಪರಸಿದ್ದೀ ಅಂತ ತಿಳದೀ?"

ನನಗೆ ನಗು ಬಂತು, ಜತೆಗೆ ಕಣ್ಣೂ ತುಂಬಿತು. ಅವರು ನಗಲಿಲ್ಲ.

"ನಿನ್ನ ಸಲುವಾಗಿ ಜೇಜುರಿ ಹತ್ತಿದೆ. ಆ ಹುಡುಗಿ ಫೋಟೊ ತಗದು ಊರಿಗೆಲ್ಲ ಹಂಚಿದಳು. ನಿನ್ನೆ ಸೊಲ್ಲಾಪುರದಿಂದ ನನ್ನ ನೆಗೆಣ್ಣಿ ಫೋನು. ಈಗ ಕಾಲು ನೆಟ್ಟಗ ಆಗ್ಯಾವಲ್ಲ ಅಕ್ಕಾ, ಮಗನ ಲಗ್ನಕ್ಕ ಎಂಟು ದಿನ ಮೊದಲ ಬರ್ರಿ ಅಂತ. ಎಂಟು ದಿನ! ಆಕಿ ಮನ್ಯಾಗ! ನಾ ಏನಂತ ಹೇಳ್ಲಿ ಈಗ?"

"ಬ್ಯಾರೆ ಏನರೆ ಹೇಳ್ರಿ."

"ಬ್ಯಾಡ. ನೀನೂ ನೆಪ ಹೇಳಬ್ಯಾಡ, ನಾನೂ ಹೇಳೂದಿಲ್ಲ." ಅತ್ತೆ ಡಬ್ಬಿಯನ್ನು ನನ್ನ ಬಟ್ಟೆಗಳ ನಡುವೆ ಇಟ್ಟು, ಅಲುಗದಂತೆ ಒಂದು ಸೀರೆ ಸುತ್ತಿ ಬಿಗಿ ಮಾಡಿದರು. "ನೀ ಹೋಗಿ ನಿನ್ನ ಪೆಟಿಗಿ ಬಿಚ್ಚು. ನಾ ಸೊಲ್ಲಾಪುರಕ್ಕ ಹೋಗತೀನಿ. ಆರು ತಿಂಗಳ ಆದ ಮ್ಯಾಲೆ ಯಾರ ಕೆಲಸ ಕಠಿಣ ಇತ್ತು ಅಂತ ಕೂತು ಮಾತಾಡೂಣು."